ಮೂವತ್ತೊಂದು ರಸೀದಿಗಳ ಅಂಚು

ವೆಚ್ಚ ನಿರ್ಣಯಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಮೊಕದ್ದಮೆ ಗೆದ್ದಿದ್ದಾಳೆ. ಗೆದ್ದ ತಪ್ಪಿಗೆ ವಕೀಲರ ಶುಲ್ಕವನ್ನು ಅವಳೇ ತೆರುವಂತೆ ನಿಮ್ಮ ಕಚೇರಿ ಮಾಡಿದೆ. ಸೋತವರು ವೆಚ್ಚ ಕೊಡಬೇಕೆಂದು ನ್ಯಾಯಾಧೀಶರು ಬರೆದರು. ಎಷ್ಟು ಎಂಬುದನ್ನು ನಿಮಗೆ ಬಿಟ್ಟರು. ನೀವು ಬರೆದ ಮೊತ್ತದಲ್ಲಿ ನಮ್ಮ ವಕೀಲರು ನಾಲ್ಕು ವರ್ಷ ಓಡಾಡಿದ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಇದನ್ನು ನಿಮ್ಮ ಕಿಟಕಿಯಲ್ಲೇ ಹೇಳಬಹುದಿತ್ತು. ಎರಡು ಸಲ ಹೇಳಿದೆ. ಮೂರನೆಯ ಸಲ ಹೋದಾಗ ಕಿಟಕಿ ಮುಚ್ಚಿತ್ತು. ಆದ್ದರಿಂದ ಎಲ್ಲರೂ ಓದುವಂತೆ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾವು ಬೈಂಡಿಂಗ್ ಕೆಲಸದವರು. ಅಕ್ಕ ಹಾಳೆಗಳನ್ನು ಹೊಲಿಯುತ್ತಾಳೆ, ನಾನು ರಟ್ಟು ಹಚ್ಚಿ ಅಂಚು ಕತ್ತರಿಸುತ್ತೇನೆ. ಇರುವುದು ಒಂದೇ ಕೋಣೆ, ಎರಡು ಮೇಜು, ನಡುವೆ ತೀರಿಹೋದ ಅಪ್ಪ ಕೊಂಡ ಕಟಿಂಗ್ ಮಷೀನು. ಪಕ್ಕದ ಪ್ರೆಸ್ಸಿನ ಮಾಲೀಕರು ತಮ್ಮದು ಕೆಟ್ಟಿದೆಯೆಂದು ಒಂದು ವಾರದ ಮಟ್ಟಿಗೆ ಅದನ್ನು ಒಯ್ದರು. ತಿಂಗಳು ಕಳೆದ ಮೇಲೆ ಕೇಳಲು ಹೋದರೆ, ಅದನ್ನು ನಿಮ್ಮಪ್ಪ ನನಗೆ ಮಾರಿದ್ದರು ಎಂದರು. ಪಕ್ಕದವರಿಗೆ ಸಾಮಾನು ಕೊಡುವಾಗ ಕಾಗದ ಬರೆಸಿಕೊಳ್ಳುವ ಬುದ್ಧಿ ನಮಗೆ ಇರಲಿಲ್ಲ. ಅಕ್ಕ ದಾವೆ ಹೂಡಿದಳು.

ಪ್ರೆಸ್ಸಿನವರು ಹತ್ತೊಂಬತ್ತು ಸಲ ಮುಂದಿನ ತಾರೀಕು ಪಡೆದರು. ಒಮ್ಮೆ ಅವರಿಗೆ ಬೆನ್ನುನೋವು, ಮತ್ತೊಮ್ಮೆ ಅವರ ವಕೀಲರಿಗೆ ಬೆನ್ನುನೋವು. ಪ್ರತಿ ಸಲವೂ ನಮ್ಮ ವಕೀಲರು ಕೋಟು ಹಾಕಿಕೊಂಡು ಬಂದು ಬೆಂಚಿನ ಮೇಲೆ ಕೂತು ಹೋದರು, ನಾವು ಅವರಿಗೆ ಆದಷ್ಟು ಕೊಟ್ಟು ರಸೀದಿ ಪಡೆದೆವು. ವಿಳಂಬ ಮಾಡಿದವರಿಗೆ ಖರ್ಚಿಲ್ಲ, ಕಾದವರಿಗೆ ಖರ್ಚು. ಈ ಏರ್ಪಾಡನ್ನು ಯಾರು ಯೋಚಿಸಿ ಮಾಡಿದರೋ, ಅಥವಾ ಯಾರೂ ಯೋಚಿಸದೆ ತಾನಾಗಿಯೇ ಆಯಿತೋ, ನಾನರಿಯೆ. ಎರಡನೆಯದೇ ಇರಬೇಕು ಎಂದುಕೊಂಡರೆ ಸ್ವಲ್ಪ ಸಮಾಧಾನವಾಗುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ಅದನ್ನು ಮುಚ್ಚಿಟ್ಟು ಈ ಪತ್ರ ಬರೆದರೆ ನಾನೂ ಒಂದು ಕಚೇರಿಯಂತಾಗುತ್ತೇನೆ.

ರಸೀದಿಗಳನ್ನು ಸಲ್ಲಿಸಿರಿ ಎಂದು ನಿಮ್ಮ ನೋಟೀಸು ಬಂತು. ಒಟ್ಟು ಮೂವತ್ತೊಂದು ಇದ್ದವು. ಒಂದು ಉದ್ದ, ಒಂದು ಗಿಡ್ಡ, ಕೆಲವು ಪುಸ್ತಕದಿಂದ ಅಡ್ಡಾದಿಡ್ಡಿ ಹರಿದುಕೊಟ್ಟವು. ಅಕ್ಕ ಅವನ್ನು ತಾರೀಕಿನ ಪ್ರಕಾರ ಜೋಡಿಸಿ ಹೊಲಿದಳು. ನಾನು ನೀಲಿ ಬಟ್ಟೆಯ ರಟ್ಟು ಹಚ್ಚಿದೆ. ಬೆನ್ನು ನೆಟ್ಟಗೆ ಕೂತಿತ್ತು, ಅಂಚು ಮಾತ್ರ ಹಲ್ಲುಹಲ್ಲಾಗಿತ್ತು. ಮೂವತ್ತು ವರ್ಷ ಮಾಡಿದ ಕೈ ಕೇಳಬೇಕಲ್ಲ. ಮಷೀನು ಇನ್ನೂ ಮರಳಿರಲಿಲ್ಲ, ಸ್ಕೇಲಿಟ್ಟು ಚಾಕು ಎಳೆದೆ. ಮೂರು ಕಡೆಯೂ ಕನ್ನಡಿಯಂತೆ ನಯವಾಯಿತು. ನಮ್ಮ ವಕೀಲರು ಸಹಿಯ ಬಾಲವನ್ನು ಕಾಗದದ ತುದಿಯವರೆಗೆ ಎಳೆಯುವವರು. ರಸೀದಿಯ ಸಂಖ್ಯೆ ಮೇಲಿನ ಮೂಲೆಯಲ್ಲಿರುತ್ತದೆ. ಎರಡೂ ಕತ್ತರಿಸಿ ಹೋದವೆಂದು ನನಗೆ ಹೊಳೆದದ್ದು ನೆಲ ಗುಡಿಸುವಾಗ.

ನಿಮ್ಮ ಗುಮಾಸ್ತರು ಅದನ್ನು ತಿರುವಿ ನೋಡಿ, "ರಸೀದಿ ತಂದಿದೀರೋ, ಮದುವೆ ಆಲ್ಬಮ್ ತಂದಿದೀರೋ?" ಎಂದರು. ಪಕ್ಕದ ಮೇಜಿನವರು ನಕ್ಕರು. ನಾನೂ ನಕ್ಕೆ. ಇದರ ನಕಲು ಪ್ರತಿಗಳೆಲ್ಲ ವಕೀಲರ ಬಳಿ ಇವೆ, ಒಂದು ವಾರ ಕೊಟ್ಟರೆ ತರುತ್ತೇನೆ ಎಂದೆ. ನೋಡೋಣ ಎಂದರು. ಮೂರನೆಯ ದಿನವೇ ಆದೇಶ ಹೊರಬಿತ್ತು: ದಾಖಲೆಗಳು ವಿರೂಪಗೊಂಡಿರುವುದರಿಂದ ಪರಿಗಣಿಸಲಾಗಿಲ್ಲ, ಹಳೆಯ ದರಪಟ್ಟಿಯ ಪ್ರಕಾರ ಶುಲ್ಕ ನಿಗದಿಪಡಿಸಲಾಗಿದೆ. ಆ ಪಟ್ಟಿ ಎಷ್ಟು ಹಳೆಯದೆಂದರೆ, ನಾವು ಬೈಂಡು ಮಾಡಲು ಅಂಥ ಕಾಗದ ಬಂದರೆ ಮೊದಲು ಗೆದ್ದಲು ಇದೆಯೇ ಎಂದು ನೋಡುತ್ತೇವೆ.

ಅಂಚು ಕತ್ತರಿಸಿದ್ದು ನಾನು. ಆದರೆ ಪ್ರತಿಗಳನ್ನು ನೋಡದೆ ಕಣ್ಣು ಮುಚ್ಚಿಕೊಂಡದ್ದು ಯಾರು? ಆ ಶುಲ್ಕ ಕೊಟ್ಟದ್ದೇ ಸುಳ್ಳೆಂದು ನಿಮಗೆ ಅನ್ನಿಸಿತೇ? ವಕೀಲರೊಬ್ಬರು ನಾಲ್ಕು ವರ್ಷ ಪುಕ್ಕಟೆ ನಿಂತು ವಾದಿಸಿದರೆಂದು ನಂಬುವಷ್ಟು ಮುಗ್ಧರೇ ನೀವು? ಆದೇಶವನ್ನು ಮರುಪರಿಶೀಲಿಸಿ ಎಂದರೆ, ವಕೀಲರ ಮೂಲಕ ಅರ್ಜಿ ಹಾಕಿ ಎಂದಿರಿ. ಆ ಅರ್ಜಿಯ ಶುಲ್ಕ ಯಾರ ತಲೆಗೆ ಎಂದು ಕೇಳಿದೆ. ನಿಮ್ಮ ಗುಮಾಸ್ತರು ಈ ಸಲ ನಗಲಿಲ್ಲ, "ಅದು ನಿಮ್ಮದೇ" ಎಂದರು.

ಮಷೀನು ನಮ್ಮ ಕೋಣೆಗೆ ಬಂದು ಹದಿನೇಳು ದಿನವಾಯಿತು. ವಕೀಲರಿಗೆ ಇನ್ನೂ ಅರ್ಧದಷ್ಟು ಬಾಕಿಯಿದೆ; ಅವರು ಒಳ್ಳೆಯವರು, ಆದರೆ ಅವರಿಗೂ ಮನೆ ನಡೆಯಬೇಕು. ಈ ತಿಂಗಳ ಕೊನೆಗೆ ತೀರಿಸುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಾಳೆ. ಮಾರಲು ನಮ್ಮಲ್ಲಿ ಇರುವ ಸಾಮಾನು ಒಂದೇ. ಮೊನ್ನೆ ಪ್ರೆಸ್ಸಿನ ಮಾಲೀಕರು ಬಾಗಿಲಲ್ಲಿ ನಿಂತು, ಯಾವ ಮುಜುಗರವೂ ಇಲ್ಲದೆ ಹೇಳಿದರು:

"ಅಕ್ಕಾ, ನೀವು ಗೆದ್ರಿ, ಸಂತೋಷ. ಮಾರೋದಾದ್ರೆ ಬೇರೆಯವರಿಗೆ ಯಾಕೆ, ನನಗೇ ಕೊಡಿ. ನಮ್ಮ ಕೆಲಸದವರ ಕೈಗೆ ಅದು ಚೆನ್ನಾಗಿ ಕೂತಿದೆ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವರು ಹೋದ ಮೇಲೆ ನನ್ನನ್ನು ಕೇಳಿದಳು: "ನಾವು ಗೆದ್ವಾ ಇಲ್ವಾ? ಅದೊಂದು ಹೇಳಿಬಿಡು ಮಾರಾಯ." ರಸೀದಿಗಳ ಬಗ್ಗೆ ಅವಳು ಇವತ್ತಿಗೂ ಒಂದು ಮಾತು ಆಡಿಲ್ಲ. ಅವಳ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ.

ನಾನು ಕೇಳುವುದು ದಯೆಯಲ್ಲ. ವಕೀಲರಿಲ್ಲದೆಯೇ ಅಕ್ಕನ ಅರ್ಜಿಯನ್ನು ತೆಗೆದುಕೊಳ್ಳಿ. ನಕಲು ಪ್ರತಿಗಳನ್ನು ನೋಡಿ, ಅವಳು ನಿಜವಾಗಿ ತೆತ್ತ, ತೆರಬೇಕಾದ ಶುಲ್ಕವನ್ನು ಸೋತವರಿಂದ ಕೊಡಿಸಿ. ತಿಂಗಳು ಮುಗಿಯುವ ಮೊದಲು ಕೊಡಿಸಿ. ಅದಾಗದಿದ್ದರೆ, ಇಲ್ಲಿ ಗೆದ್ದವರೇ ಖರ್ಚು ಕೊಡತಕ್ಕದ್ದು ಎಂದು ಒಂದು ಫಲಕ ಬರೆಸಿ ನ್ಯಾಯಾಲಯದ ಮೆಟ್ಟಿಲ ಬಳಿ ನಿಲ್ಲಿಸಿ. ದಾವೆ ಹೂಡಲು ಬರುವವರು ಓದಿಕೊಂಡು ಹಿಂತಿರುಗಲಿ. ಅವರ ಬಸ್ಸಿನ ಖರ್ಚಷ್ಟೇ ನಷ್ಟ.

ಸೋಮವಾರ ಬೆಳಿಗ್ಗೆ ಅಕ್ಕ ಪ್ರತಿಗಳನ್ನು ಹಿಡಿದು ನಿಮ್ಮ ಕಿಟಕಿಯ ಮುಂದೆ ಇರುತ್ತಾಳೆ. ಅವನ್ನು ಹೊಲಿದಿಲ್ಲ, ಒಂದು ಲಕೋಟೆಯಲ್ಲಿ ಬಿಡಿಯಾಗಿಯೇ ಇಟ್ಟುಕೊಂಡಿದ್ದಾಳೆ. ಜೊತೆಗೆ ನಾನೂ ಬರುತ್ತೇನೆ ಎಂದೆ. ನೀನು ಬರುವುದು ಬೇಡ ಎಂದಳು.

ಇಂತಿ,
ಗೆದ್ದ ವಾದಿಯ ತಮ್ಮ,
ಸೋಮವಾರ ಅಂಗಡಿಯಲ್ಲೇ ಇರುವವನು