ಪಿಕಪ್‌ನ ಹೊಸ ಸೈಲೆನ್ಸರ್

೧೧ ಮಾರ್ಚ್ ೨೦೦೩, ಮಂಗಳವಾರ ರಾತ್ರಿ

ಮೈಲೇಜಿನ ವಿಷಯದಲ್ಲಿ ಕಾಪುವಿನ ಮೆಕ್ಯಾನಿಕ್ ಇದಿನಬ್ಬ ಹೇಳಿದ್ದೇ ಸರಿ. ಪಿಕಪ್‌ಗೆ ದಪ್ಪ ಪೈಪಿನ ಸೈಲೆನ್ಸರ್ ಹಾಕಿ, ಡೀಸೆಲ್ ಪಂಪಿನ ಟೈಮಿಂಗ್ ಸರಿ ಮಾಡಿದ ಮೇಲೆ ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಸಿಗುತ್ತಿದೆ. ಹೊಗೆ ಹೊರಹೋಗಲು ತಡೆಯಾದರೆ ಬ್ಯಾಕ್ ಪ್ರೆಶರ್, ಆಗ ಎಫಿಶಿಯೆನ್ಸಿ ಕಡಿಮೆ ಎಂದೆಲ್ಲ ಕಾಲೇಜಿನಲ್ಲಿ ಓದಿದ್ದುಂಟು. ಔಟ್‌ಪುಟ್ ಅಪಾನ್ ಇನ್‌ಪುಟ್... ಮುಂದಿನದು ಮರೆತಿದೆ. ಇಷ್ಟಾದರೂ ಸಿಗದಿದ್ದರೆ ಹೆಬ್ರಿಯವರೆಗೆ ತರಕಾರಿ ಮಾರಲು ಹೋಗುವುದನ್ನೇ ನಿಲ್ಲಿಸಬೇಕಿತ್ತು.

ಆದರೆ ಇವತ್ತು ದಾರಿಯುದ್ದಕ್ಕೂ ಗಿರಾಕಿಗಳು ಒಬ್ಬರೂ ಹೊರಗೆ ಬರಲಿಲ್ಲ. ಆದಿ ಉಡುಪಿಯಲ್ಲಿ ತುಂಬಿಸಿದ ಹರಿವೆ ಸೊಪ್ಪು ಬಾಡಿಯೇ ಹೋಯಿತು. ಪೆರ್ಡೂರಿನಲ್ಲಿ ಇಳಿದು, ದಿನಾ ತರಕಾರಿ ಕೊಳ್ಳುವ ಗುಲಾಬಿಯಕ್ಕನ ಬಾಗಿಲು ತಟ್ಟಿದೆ.

“ಎಂತ ಮಾರಾಯ್ರೇ, ಇದು ನಿಮ್ಮ ಗಾಡಿಯಾ? ಸದ್ದು ಕೇಳಿ ಜಲ್ಲಿ ಲಾರಿ ಅಂತ ಧೂಳಿಗೆ ಹೆದರಿ ಬಾಗಿಲು ಹಾಕಿಕೊಂಡೆ!”

ಅವರೆಲ್ಲ ಗಾಡಿಯ ಹಳೆಯ ಸದ್ದು ಕೇಳಿ ಚೀಲ ಹಿಡಿದು ಬರುತ್ತಿದ್ದವರು. ಅದಕ್ಕೂ ಮೊದಲು ಪಕ್ಕದ ಸೀಟಿನಿಂದ ನನ್ನ ಹೆಂಡತಿ ವಾರಿಜ ತರಕಾರಿಗಳ ಹೆಸರು ಕೂಗುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಒಂದು ದಿನವೂ ಕೂಗಿಲ್ಲ. ಕೂಗಿದರೆ ಆ ಸೀಟು ಖಾಲಿಯಾಗಿದೆ ಎಂದು ನಾನೇ ಊರಿಗೆಲ್ಲ ಸಾರಿದ ಹಾಗೆ ಅನಿಸುತ್ತಿತ್ತು.

ಹಳೆಯ ಸೈಲೆನ್ಸರ್ ವಾಪಸ್ ಹಾಕಿಸುವುದಿಲ್ಲ. ಡಿಸೈಡೆಡ್. ನಾಳೆಯಿಂದ ನಾನೇ ಕೂಗುವುದು. ಊಟವಾದ ಮೇಲೆ ಬಾಗಿಲು ಹಾಕಿ ಒಮ್ಮೆ ಕೂಗಿ ನೋಡಿದೆ. ಸ್ವರ ಹೊರಟಿತು, ಅರ್ಧಕ್ಕೆ ನಿಂತಿತು. ಪಕ್ಕದ ಮನೆಯ ನಾಯಿ ಬೊಗಳಿತು. ಎರಡನೇ ಸಲ ಪೂರ್ತಿ ಬಂತು. ಅವಳು ಬಸಳೆಯಿಂದ ಶುರು ಮಾಡುತ್ತಿದ್ದಳು. ನಾನು ಬೆಂಡೆಯಿಂದ ಶುರು ಮಾಡಿದರೆ... ಕರೆಂಟಿಲ್ಲ, ಎಮರ್ಜೆನ್ಸಿ ಲೈಟೂ ಮಂಕಾಗುತ್ತಿದೆ, ಅಕ್ಷರ ಕಾಣುತ್ತಿಲ್ಲ