ಕರಿ ಬಣ್ಣದ ಹಿಂದಿನ ಲೈಟು

ಕಳಕೇಶಾ,

ಕಾರಿನ ಕೀಲಿ ಹುಡುಕಬ್ಯಾಡ, ನನ್ನ ಚೀಲದಾಗ ಐತಿ. ಇವತ್ತ ನಾ ಬಸ್ಸಿಗೇ ರೋಣಕ್ಕ ಕೆಲಸಕ್ಕ ಹೊಂಟೀನಿ.

ನಿನ್ನೆ ಸಂಜಿಮುಂದ ಅವ್ವನ್ನ ಕರಕೊಂಡು ನರಗುಂದದಿಂದ ಬರಾಕತ್ತಿದ್ದೆ. ಜಿನಿಜಿನಿ ಮಳಿ. ಎಮ್ಮಿ ಅಡ್ಡ ಬಂತಂತ ಬ್ರೇಕ್ ಹಾಕಿದೆ. ಹಿಂದಿನ ಟ್ರ್ಯಾಕ್ಟರ್ ಗೇಣ ಅಂತರದಾಗ ಬಂದು ನಿಂತಿತು. ಡ್ರೈವರ್ ಇಳದು, "ಅಕ್ಕಾರ, ನಿಮ್ಮ ಬ್ರೇಕ್ ಲೈಟ ಹತ್ತಿದ್ದ ಕಾಣಲಿಲ್ರಿ" ಅಂದ. ಚಂದ ಕಾಣಲಿ ಅಂತ ನೀ ನನ್ನ ಕೂದಲಾ ಒಣಸೂ ಮಷೀನಲೇ ಅಂಟು ಕರಗಿಸಿ, ಹಿಂದಿನ ಎರಡೂ ಲೈಟ ಬಿಚ್ಚಿ, ಒಳಗ ಕರಿ ಬಣ್ಣ ಬಡದು ಮತ್ತ ಅಂಟಿಸಿದ್ದೆಲ್ಲಾ, ಅಂಟು ಬಿಟ್ಟು ಎರಡರಾಗೂ ನೀರ ನಿಂತಿತ್ತು.

ಅವ್ವ ಮನಿ ಮುಂದ ಇಳಿಯೂವಾಗ, "ಅವಂಗ ಹೇಳಬ್ಯಾಡ ರೂಪಾ, ಎಂಟ ದಿನ ಕುಂತು ಮಾಡ್ಯಾನ" ಅಂದ್ಲು. ನನಗ ಹೇಳದ ಇರಾಕ ಆಗವಲ್ದು. ಕಣ್ಣ ಮುಚ್ಚಿದ್ರ ಆ ಟ್ರ್ಯಾಕ್ಟರೇ ಬರ್ತೈತಿ.

ಡಿಕ್ಕಿ ತಗದ ಇಟ್ಟೀನಿ, ಎರಡೂ ಲೈಟ ಕಳಚಿ ಇಡು. ತಿರುಗಿ ಅಂಟ ಹಚ್ಚಬ್ಯಾಡ, ಬರೂವಾಗ ಹೊಸಾವ ತರ್ತೀನಿ. ಅವ್ವಗ ನಾಷ್ಟಾ ಆದ ಮ್ಯಾಲೆ ಬಿಪಿ ಗುಳಿಗಿ ಕೊಡು. ರೊಟ್ಟಿ ಬುಟ್ಟ್ಯಾಗ ಅದಾವ.

ಹತ್ತಕ್ಕ ನಿನ್ನ ದೋಸ್ತ ಪರಶು ತನ್ನ ಕಾರ ತರ್ತಾನ. "ನಂದೂ ಕಳಕೇಶನ ಕೈಲೇ ಹಂಗ ಮಾಡಸ್ತೀನಿ" ಅಂತ ಓಣಿಗೆಲ್ಲಾ ಹೇಳ್ಯಾನ. ನಾಚಿಕಿ ಆದ್ರೂ ನಿನ್ನೆ ಆಗಿದ್ದನ್ನ ನಿನ್ನ ಬಾಯಿಲೇ ಅವಂಗ ಹೇಳು. ಹಿಂದಿನ ಸೀಟಿನ್ಯಾಗ ಅವನ ಎರಡೂ ಮಕ್ಕಳು ಕುಂಡರ್ತಾವ.

ರೂಪಕ್ಕ