ಶಾಲೆಯ ಹಿಂದಿನ ಹಿಡಿ ಮಣ್ಣು ಯಾರ ಊರಿನದು?

ಮಾನ್ಯರೇ,

ಪ್ರಾಥಮಿಕ ತರಗತಿಯ ಮಕ್ಕಳು ಏನು ಕಲಿಯಬೇಕು, ಹೇಗೆ ಕಲಿಯಬೇಕು ಎಂದು ನಿರ್ಧರಿಸುವ ಕುರ್ಚಿಯಲ್ಲಿ ತಾವು ಕುಳಿತಿದ್ದೀರಿ. ತಮ್ಮ ಒಂದು ಸುತ್ತೋಲೆಯ ದೆಸೆಯಿಂದ ಹೈದರಾಬಾದಿನ ದಿಲ್‌ಸುಖ್‌ನಗರದ ಆಚೆಯ ಸರ್ಕಾರಿ ಶಾಲೆಯೊಂದರ ಮೂರನೆಯ ತರಗತಿಯ ಹುಡುಗಿ ಶಾಲೆ ಬಿಟ್ಟು ಕೂತಿದ್ದಾಳೆ. ಹೆಸರು ಗುರುದೇವಿ. ಇದನ್ನು ತೆಲುಗಿನಲ್ಲಿ ಎರಡು ಸಲ ಬರೆದು ತಿಳಿಸಿದೆ. ತಮ್ಮ ಮೌನ ಯಾವ ಭಾಷೆಯದೋ ನನಗೆ ತಿಳಿಯಲಿಲ್ಲ. ಅದಕ್ಕೇ ಈಗ ನನ್ನ ಭಾಷೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಓದಿ ಹೇಳುವವರಿಲ್ಲ ಎಂಬ ನೆಪ ಬೇಡ. ತಮ್ಮ ಕಚೇರಿಯಲ್ಲೇ ಹುಡುಕಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತೆಲುಗು ಮಾತಾಡುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕೈ ಎತ್ತಲು ಅವರು ಅಳುಕಬಹುದು, ಅಷ್ಟೆ.

‘ಮನುಷ್ಯರು ಮತ್ತು ಜಾಗಗಳ ಸಂಬಂಧ’ ಎಂಬ ಪಾಠಕ್ಕೆ ತಾವೊಂದು ಚಟುವಟಿಕೆ ಕಳಿಸಿದಿರಿ. ದಸರಾ ರಜೆಗೆ ಹೋದ ಮಕ್ಕಳು ತಂತಮ್ಮ ಊರಿನಿಂದ ಒಂದು ಹಿಡಿ ಮಣ್ಣು ತರಬೇಕು. ಅದನ್ನು ಕುಂಡಕ್ಕೆ ತುಂಬಿ ಮೆಂತ್ಯದ ಬೀಜ ಹಾಕಬೇಕು. ಮೇಲೆ ಊರಿನ ಹೆಸರಿನ ಚೀಟಿ ಅಂಟಿಸಿ, ವರಾಂಡದಲ್ಲಿ ಸಾಲಾಗಿಟ್ಟು, ಫೋಟೊ ತೆಗೆದು ಮೇಲಕ್ಕೆ ಕಳಿಸಬೇಕು. ಎಷ್ಟು ಚೆಂದದ ವಿಚಾರ! ಕಾಗದದ ಮೇಲೆ ನೋಡಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಎಲ್ಲ ಮಕ್ಕಳಿಗೂ ಹೋಗಲೊಂದು ಊರು ಇರುತ್ತದೆ, ಅಲ್ಲೊಂದು ಹಿತ್ತಲಿರುತ್ತದೆ ಎಂದು ತಮಗೆ ಹೇಳಿದವರು ಯಾರು?

ಗುರುದೇವಿಯ ಅಪ್ಪ ಸಂಗಣ್ಣ ಯಾದಗಿರಿ ಕಡೆಯವನು, ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅವ್ವ ಇಟ್ಟಿಗೆ ಹೊರುತ್ತಾಳೆ. ಕಟ್ಟಡ ಮುಗಿದಾಗ ತಗಡಿನ ಶೆಡ್ಡು ಬಿಚ್ಚಿ ಮುಂದಿನ ಕಟ್ಟಡಕ್ಕೆ ಹೋಗುವುದು ಇವರ ಬಾಳು. ಇದೇ ಶಾಲೆಯ ಕಟ್ಟಡ ಏಳುತ್ತಿದ್ದಾಗ ಇವರ ಶೆಡ್ಡು ಈಗಿನ ಶೌಚಾಲಯದ ಹಿಂದೆ, ಬೇವಿನ ಮರದ ಪಕ್ಕದಲ್ಲಿತ್ತು. ಗುರುದೇವಿ ಹುಟ್ಟಿದ್ದು ಆ ಶೆಡ್ಡಿನಲ್ಲಿ. ಹೊಕ್ಕಳ ಬಳ್ಳಿ ಒಣಗಿ ಉದುರಿದಾಗ ಅಜ್ಜಿ ಗದಿಗೆಮ್ಮ ಅದನ್ನು ಆ ಬೇವಿನ ಬುಡದಲ್ಲಿ ಹುಗಿದು, ಅರಿಶಿನ ಕುಂಕುಮ ಹಾಕಿ, ಮೇಲೊಂದು ಕಲ್ಲಿಟ್ಟಳು. ಅವರಲ್ಲಿ ಹಾಗೆಯೇ ನಡೆದು ಬಂದಿದೆ: ಬಳ್ಳಿ ಹುಗಿದ ಜಾಗವೇ ಮಗುವಿನ ಜಾಗ. ಆಮೇಲೆ ಊರ ತುಂಬ ಸುತ್ತಿ, ಶಾಲೆಯ ಪಕ್ಕದ ಅಪಾರ್ಟ್‌ಮೆಂಟಿನ ಕೆಲಸಕ್ಕೆಂದು ಮತ್ತೆ ಇಲ್ಲಿಗೇ ಬಂದಾಗ ಮುದುಕಿ ಹಿಗ್ಗಿಹೋದಳು. ತಾನೇ ಮೊಮ್ಮಗಳ ಕೈ ಹಿಡಿದು ಶಾಲೆಗೆ ಸೇರಿಸಿದಳು.

ಈಗ ಆಕೆ ಮಾಡಿದ ತಪ್ಪು ಕೇಳಿ. ಮಣ್ಣು ತರಬೇಕೆಂದಾಗ ಮೊಮ್ಮಗಳನ್ನು ಕರೆದುಕೊಂಡು ಶೌಚಾಲಯದ ಹಿಂದೆ ಹೋದಳು, ಬೇವಿನ ಬುಡದಲ್ಲಿ ಕೆದಕಿ ಹಿಡಿ ಮಣ್ಣು ಕೊಟ್ಟಳು. ವರಂಗಲ್ಲಿನ ಮಣ್ಣು, ನಲ್ಗೊಂಡದ ಮಣ್ಣು, ಗುಂಟೂರಿನ ಮಣ್ಣಿನ ನಡುವೆ ಗುರುದೇವಿ ಶಾಲೆಯದೇ ಮಣ್ಣು ಇಟ್ಟಳು. ಟೀಚರಮ್ಮ ಒಳ್ಳೆಯವರೇ, ಬೈಯಲಿಲ್ಲ. ಇದು ನಡೆಯುವುದಿಲ್ಲ, ನಿಮ್ಮದು ಕರ್ನಾಟಕ, ಅಲ್ಲಿಂದ ತಾ ಎಂದರು. ಆಮೇಲೆ ನಾನು ಹೋಗಿ ಕೇಳಿದಾಗ, ಸುತ್ತೋಲೆಯಲ್ಲಿ ‘ಸ್ವಂತ ಊರು’ ಎಂದಿದೆ, ನಾನೇನು ಮಾಡಲಿ ಎಂದು ನನ್ನೆದುರು ಕಣ್ಣು ತಗ್ಗಿಸಿದರು. ಕುಂಡ ಸಾಲಿನಿಂದ ಹೊರಬಿತ್ತು. ಮಕ್ಕಳು ಬಿಡುತ್ತಾರೆಯೇ? “ಮೀ ಊರು ಬಾತ್ರೂಮಾ?” ನಿಮ್ಮೂರು ಬಾತ್ರೂಮೇ ಎಂದು ಶುರು ಮಾಡಿದರು. ಊಟದ ಹೊತ್ತಿನಲ್ಲಿ ಅವಳ ಪಕ್ಕ ಕೂರುತ್ತಿದ್ದವರೂ ತಟ್ಟೆ ಎತ್ತಿಕೊಂಡು ದೂರ ಸರಿದರು. ಒಂದಷ್ಟು ದಿನ ಒಬ್ಬಳೇ ಉಂಡಳು. ಆಮೇಲೆ ಹೋಗುವುದನ್ನೇ ಬಿಟ್ಟಳು.

ಸಂಜೆ ಆ ಶೆಡ್ಡುಗಳ ಮಕ್ಕಳಿಗೆ ನಾನು ಕನ್ನಡ ಅಕ್ಷರ ಹೇಳಿಕೊಡುತ್ತೇನೆ. ಸುದ್ದಿ ತಿಳಿದದ್ದು ಅಲ್ಲೇ. ಸಂಗಣ್ಣ ನಕ್ಕು ಹಾರಿಸಿದ.

“ಅಲ್ಲಿ ಉಸುಕಿನ ಗುಂಪಿ ಬಿದ್ದೈತ್ರಿ, ಕೃಷ್ಣಾ ಹೊಳಿದು. ನಮ್ಮ ಕಡೀದು ಅಂತ ಒಂದ್ ಬೊಗಸಿ ಒಯ್ದು ಕೊಡು ಅಂದೆ. ಕೇಳವಲ್ಲಳ್ರಿ ಇಕಿ.”

ಹುಡುಗಿ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಊರಿಕೊಂಡು ಕೂತಿದ್ದಳು. “ಸುಳ್ಳು ಆಗ್ತದಲ್ಲಪ್ಪ ಅದು,” ಎಂದಳು. ಯಾದಗಿರಿಯ ಊರಿಗೆ ಹೋದರೆ ಅಲ್ಲಿನ ಮಕ್ಕಳು ಇವಳನ್ನು ಆಟಕ್ಕೆ ಸೇರಿಸುವುದಿಲ್ಲವಂತೆ. ಹೈದ್ರಾಬಾದಿನಾಕಿ ಎನ್ನುತ್ತಾರಂತೆ. ಇಲ್ಲಿಯವರು ಕರ್ನಾಟಕದವಳು ಎನ್ನುತ್ತಾರೆ.

ಗದಿಗೆಮ್ಮ ನನ್ನನ್ನು ಕೇಳಿದ ಪ್ರಶ್ನೆಯನ್ನು ತಮಗೇ ದಾಟಿಸುತ್ತೇನೆ.

“ಅಕ್ಕಾರ, ಆ ಬಳ್ಳಿ ಈ ಕೈಲೇ ಹುಗಿದೀನಿ. ಅದಕ್ಕಿಂತ ಸ್ವಂತದ್ದು ಇನ್ನೇನು ಇರತೈತ್ರಿ?”

ಹೇಳಿ ಮಾನ್ಯರೇ, ಇನ್ನೇನು ಇರುತ್ತದೆ? ಮನುಷ್ಯರಿಗೂ ಜಾಗಕ್ಕೂ ಇರುವ ಸಂಬಂಧವೆಂದರೆ ಜಮೀನಿನ ಪಟ್ಟಾದಾರ ಪಾಸ್‌ಬುಕ್ಕೇ? ಅಜ್ಜನ ಹೆಸರಿನ ಎಕರೆಯೇ? ಹಾಗಿದ್ದರೆ ಪಾಠಕ್ಕೆ ‘ಮನುಷ್ಯರು ಮತ್ತು ಅವರ ಆಸ್ತಿ’ ಎಂದು ನೇರವಾಗಿ ಹೆಸರಿಡಿ, ಮಕ್ಕಳಿಗೆ ಗೊಂದಲವಾಗುವುದಿಲ್ಲ. ಬಿದ್ದು ಮೊಣಕಾಲು ಒಡೆದುಕೊಂಡ ಜಾಗ, ಅವ್ವ ಕೆಲಸದಿಂದ ಬರುವುದನ್ನು ಕಾದ ಜಾಗ, ಹಸುಗೂಸಾಗಿದ್ದಾಗಲೇ ತೀರಿಕೊಂಡ ತಮ್ಮನನ್ನು ಮಣ್ಣು ಮಾಡಿದ ಜಾಗ: ಇವೆಲ್ಲ ಯಾವ ಲೆಕ್ಕಕ್ಕೆ? ಏಳೆಂಟು ವರ್ಷದ ಮಗುವಿಗೆ ಊರು ಎಂದರೆ ಏನೆಂದು ಕಲಿಸುವ ಮೊದಲು, ಊರು ಎಂದರೆ ಅದಕ್ಕೆ ಏನನಿಸುತ್ತದೆ ಎಂದು ಒಮ್ಮೆ ಕೇಳಿದ್ದೀರಾ?

ನೆಲ ನಮ್ಮದು ಎಂಬ ಕೂಗಿನ ಬಲ ನನಗೆ ಗೊತ್ತು. ಈ ರಾಜ್ಯಕ್ಕಾಗಿ ನಡೆದ ಹೋರಾಟದಲ್ಲಿ ನಾನೂ ಬೀದಿಗಿಳಿದವಳು, ಲಾರಿಯಲ್ಲಿ ಪೊಲೀಸ್ ಠಾಣೆಗೆ ಹೋದವಳು. ಅಂದು ಪಕ್ಕದಲ್ಲಿ ಕೈ ಹಿಡಿದು ನಿಂತವರು ಯಾರೂ ನನ್ನ ಊರು ಕೇಳಲಿಲ್ಲ. ಈಗ ಅವರಲ್ಲಿ ಕೆಲವರಿಲ್ಲ. ಇರುವವರು ಫೋನ್ ಎತ್ತುವುದಿಲ್ಲ. ಈ ಹುಡುಗಿಯ ವಿಷಯಕ್ಕೆ ಒಬ್ಬ ಹಳೆಯ ಸಂಗಾತಿಯ ಮನೆಗೆ ಹೋಗಿದ್ದೆ. ಚಹಾ ಕೊಟ್ಟು, ಇದು ನಿಮ್ಮ ಕರ್ನಾಟಕದವರ ಸಮಸ್ಯೆಯಲ್ಲವೇ ಅಕ್ಕಾ ಎಂದ. ಬಸ್ಸಿನಲ್ಲಿ ಸುಲ್ತಾನ್ ಬಜಾರಿನ ನನ್ನ ಕೋಣೆಗೆ ಮರಳುವಾಗ, ಹುಡುಗಿ ಯಾಕೆ ಮೂಲೆ ಹಿಡಿದಳೆಂದು ನನಗೆ ಪೂರ್ತಿ ತಿಳಿಯಿತು.

ಮೊನ್ನೆ ಸಂಜೆ ಪಾಠಕ್ಕೆ ಅವಳು ಬರಲಿಲ್ಲ. ಹುಡುಕುತ್ತ ಹೋದೆ. ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಕಾಂಪೌಂಡ್ ಗೋಡೆಯ ಹೊರಗೆ ಇಟ್ಟಿಗೆ ಪೇರಿಸಿತ್ತು. ಇಣುಕಿದರೆ, ಬೇವಿನ ಬುಡದಲ್ಲಿ ಕುಂಡ ಇಟ್ಟುಕೊಂಡು ಬಾಟಲಿಯಿಂದ ನೀರು ಹಾಕುತ್ತಿದ್ದಾಳೆ. ಹೊಸದಾಗಿ ಬಿತ್ತಿದ ಮೆಂತ್ಯ ಎರಡೆಲೆ ಬಿಟ್ಟಿದೆ. ಬಡಿಯಬೇಡವೆಂಬಂತೆ ನನ್ನತ್ತ ನೋಡಿದಳು. “ಹಗಲೊತ್ತು ಬಂದ್ರ ಎಲ್ಲಾರೂ ನಗ್ತಾರ್ರಿ,” ಎಂದಳು. ಅವಳು ಶಾಲೆ ಬಿಟ್ಟಿಲ್ಲ, ಮಾನ್ಯರೇ. ಯಾರೂ ಇಲ್ಲದ ಹೊತ್ತಿನಲ್ಲಿ ಶಾಲೆಗೆ ಹೋಗುತ್ತಿದ್ದಾಳೆ.

ಅಪಾರ್ಟ್‌ಮೆಂಟಿಗೆ ಬಣ್ಣ ಶುರುವಾಗಿದೆ. ಅದು ಮುಗಿದರೆ ಶೆಡ್ಡು ಬಿಚ್ಚುತ್ತಾರೆ, ಗುರುದೇವಿ ಇನ್ನೆಲ್ಲಿಗೋ ಹೋಗುತ್ತಾಳೆ. ತನಗೆ ಯಾವ ಜಾಗವೂ ಇಲ್ಲವೆಂಬ ಪಾಠವನ್ನೇ ಕಲಿತು ಹೋಗುತ್ತಾಳೆ. ನನಗೆ ಸಮಿತಿ ಬೇಡ, ವಿಚಾರಣೆ ಬೇಡ, ಆ ಟೀಚರಮ್ಮನ ಮೇಲೆ ಕ್ರಮವಂತೂ ಖಂಡಿತ ಬೇಡ. ಬಣ್ಣ ಒಣಗುವ ಮೊದಲು ತಾವೇ ಬನ್ನಿ. ಆ ಕುಂಡಕ್ಕೆ ಇದೇ ಬಡಾವಣೆಯ ಹೆಸರು ಬರೆದ ಚೀಟಿ ಅಂಟಿಸಿ, ಎಲ್ಲ ಮಕ್ಕಳ ಎದುರಿಗೆ ಸಾಲಿನಲ್ಲಿಡಿ. ಇದು ಈಕೆಯ ಊರು ಎಂದು ತಮ್ಮ ಬಾಯಿಂದ ಹೇಳಿ. ತಾನು ಹುಟ್ಟಿದ ನೆಲಕ್ಕೆ ನೀರು ಹಾಕಲು ಒಂದು ಮಗು ಗೋಡೆ ಹತ್ತಿ ಬರುತ್ತಿದೆ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವಂತೆ, ಅದಕ್ಕೆ ಗೇಟು ತೆಗೆಯಿರಿ.

ಇಂತಿ,
ಊರು ಯಾವುದೆಂದು ಯಾರಾದರೂ ಕೇಳಿದರೆ ಇಂದಿಗೂ ತಡವರಿಸುವ,
ಗುಣವತಿ
ಸುಲ್ತಾನ್ ಬಜಾರ್, ಹೈದರಾಬಾದ್